ಡಾಕ್ಟ್ರು ಕಂಡ ಕೋಳಿ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಾನು ಪಶುವೈದ್ಯಕೀಯ ಓದಿ ಮುಗಿಸುವ ತನಕ ಅಕ್ಕ ಕುಂದಾಪುರದ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದಳು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಅವಳ ಬೆರಳುಗಳ ಚರ್ಮ ಸುಲಿಯಿತು. ಆ ಕೆಲಸ ಬಿಡಲೇಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ನನಗೆ ಬ್ರಹ್ಮಾವರದ ಆಚೆ, ಕೋಳಿ ಕಡಿದು ಶುಚಿ ಮಾಡಿ ತಣ್ಣಗಿಟ್ಟು ಕಳಿಸುವ ಒಂದು ಘಟಕದಲ್ಲಿ ಕೆಲಸ ಸಿಕ್ಕಿತ್ತು. ಸರ್ಕಾರದ ನಿಯಮದಂತೆ ಅಲ್ಲಿ ಕೋಳಿಯನ್ನು ಕಡಿಯುವ ಮೊದಲೊಮ್ಮೆ, ಕಡಿದ ಮೇಲೊಮ್ಮೆ ಪರೀಕ್ಷಿಸಬೇಕು. ರೆಕ್ಕೆ ಜೋತುಬಿದ್ದಿದೆಯೇ, ಕಣ್ಣು ಮಂಕಾಗಿದೆಯೇ, ಪಿತ್ತಜನಕಾಂಗದಲ್ಲಿ ಕಲೆಯಿದೆಯೇ ಎಂದು ನೋಡಿ, ಸರಿಯಿದ್ದರೆ ತಪಾಸಣೆಯ ಮುದ್ರೆ ಒತ್ತಲು ಬಿಡುವುದು ನನ್ನ ಕೆಲಸ. ಅದೇ ಕೋಳಿಯನ್ನು ತರಿಸಿ ಮಾರುತ್ತೇನೆಂದು ಅಕ್ಕ ಬೈಂದೂರಿನಲ್ಲಿ, ಗಂಡನ ಮನೆಯ ಹತ್ತಿರ, ಸಣ್ಣ ಅಂಗಡಿ ತೆರೆದಳು. ಗಾಜಿನ ತಣ್ಣನೆಯ ಪೆಟ್ಟಿಗೆ, ಗೋಡೆಗೆ ಬಿಳಿ ಟೈಲು, ಕೈಗವಸು. ಕೋಳಿಯ ವಾಸನೆಯೇ ಇಲ್ಲ.

ಮೊದಲ ಭಾನುವಾರ ನಾನೂ ಅಲ್ಲಿದ್ದೆ. ಹಿಂದೆ ಬಸ್ಸು ಓಡಿಸುತ್ತಿದ್ದ ಅಜ್ಜನೊಬ್ಬ ಗಾಜಿಗೆ ಮೂಗು ತಾಗಿಸಿ ನೋಡಿದ.

"ಹ್ವಾಯ್, ಇದ್ರ್ ತಲಿ ಎಲ್ಲಿತ್ತ್?"

"ತಲಿ ಕಟ್ಕಂಡ್ ಎಂತ ಮಾಡ್ತ್ರಿ ಅಜ್ಜ? ಮಾಂಸ ಕಾಣಿ," ಎಂದಳು ಅಕ್ಕ. ನನ್ನ ಕಡೆ ಕೈ ತೋರಿಸಿ, "ನನ್ ತಂಗಿ ಡಾಕ್ಟ್ರು. ಅವ್ಳೇ ಕಂಡ್ ಮುದ್ರಿ ಹಾಕ್ಸದ್ದ್."

"ಡಾಕ್ಟ್ರು ಕಂಡದ್ದಾ? ಹಾಂಗಾರೆ ಇದ್ಕೆ ಎಂತ ಸೀಕಾಯಿತ್ತ್?"

"ಸೀಕ್ ಇಲ್ಲ ಅಂದೇಳಿ ಕಾಂಬುದ್ ಅಜ್ಜ," ಎಂದೆ ನಾನು.

"ಸೀಕ್ ಇಲ್ದಿದ್ರೆ ಡಾಕ್ಟ್ರ್ ಹತ್ರ ಯಾರ್ ಹೋತ್ರ್ ಮಾರಾಯ್ತಿ? ನಾನೇ ಹೋತಿಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜ್ಜ ರಸ್ತೆ ದಾಟಿ ಎದುರಿನ ಕೋಳಿ ಅಂಗಡಿಗೆ ಹೋದ. ಅಲ್ಲಿ ಪಂಜರದಿಂದ ಒಂದನ್ನು ಕಾಲು ಹಿಡಿದು ಎತ್ತಿ, ಎದೆಯ ಪುಕ್ಕವನ್ನು ಉಫ್ ಎಂದು ಊದಿ, ಚರ್ಮದ ಬಣ್ಣ ನೋಡಿ, "ಇದನ್ನೇ ಕಡಿ" ಎಂದ. ನಮ್ಮ ಕಡೆಯ ಕೋಳಿ ಪರೀಕ್ಷೆ ಅದು. ಪುಕ್ಕವೇ ಇಲ್ಲದ ಕೋಳಿಯನ್ನು ಎಲ್ಲಿ ಊದುವುದು?

ಬಂದವರಿಗೆಲ್ಲ ನಾನು ಬಿಡಿಸಿ ಹೇಳುತ್ತಿದ್ದೆ. ಮುದ್ರೆ ಬೇರೆ, ದರ್ಜೆ ಬೇರೆ. ಮುದ್ರೆ ಎಂದರೆ ರೋಗವಿಲ್ಲ, ತಿನ್ನಬಹುದು ಎಂದಷ್ಟೇ. ಮಾಂಸ ತುಂಬಿದೆಯೇ, ಚರ್ಮ ಹರಿದಿದೆಯೇ, ಮೂಳೆ ಮುರಿದಿದೆಯೇ ಎಂದು ನೋಡಿ ವಿಂಗಡಿಸುವುದು ದರ್ಜೆ. ಒಬ್ಬ ಹೆಂಗಸು ಪೂರ್ತಿ ಕೇಳಿಸಿಕೊಂಡಳು. "ಇಷ್ಟೆಲ್ಲ ಹೇಳ್ಕಾರೆ ಎಂತೋ ಇತ್ತ್," ಎಂದು ಜೊತೆಯವಳ ಕಿವಿಯಲ್ಲಿ ಹೇಳಿ ಹೊರಟಳು. ನಾನು ಹೆಚ್ಚು ಹೇಳಿದಷ್ಟೂ ಅಕ್ಕನ ಪೆಟ್ಟಿಗೆಯಲ್ಲಿ ಕೋಳಿ ಹೆಚ್ಚು ಉಳಿಯಿತು.

ಮಳೆಗಾಲದ ಹೊತ್ತಿಗೆ ಅಕ್ಕ ಗಾಜಿನ ಪೆಟ್ಟಿಗೆಯನ್ನು ಒಳಕ್ಕೆ ತಳ್ಳಿ ಬಾಗಿಲಲ್ಲಿ ಪಂಜರ ಇಟ್ಟಳು. ಆ ಕೋಳಿಗಳು ಎಲ್ಲಿಂದ ಬಂದವೋ, ಅವನ್ನು ಯಾರು ನೋಡಿದ್ದರೋ ಅವಳಿಗೂ ಗೊತ್ತಿಲ್ಲ. ವ್ಯಾಪಾರ ಕುದುರಿತು. ಮತ್ತೊಂದು ಭಾನುವಾರ ಹೋದಾಗ ಪಂಜರದ ಮೂಲೆಯಲ್ಲಿ ಒಂದು ಕೋಳಿ ರೆಕ್ಕೆ ಜೋತುಬಿಟ್ಟು ತೂಕಡಿಸುತ್ತಿತ್ತು. ಕೆಳಗೆ ಹಸಿರು ಹಿಕ್ಕೆ.

"ಅಕ್ಕ, ಇದನ್ ತೆಗ್ದ್ ಬೇರೆ ಇಡ್. ಉಳ್ದದ್ನೂ ಇವತ್ ಮಾರ್ಬೇಡ," ಎಂದೆ.

ತೂಕಕ್ಕೆ ಕಾಯುತ್ತಿದ್ದ ಗಂಡಹೆಂಡತಿ ಮುಖ ಮುಖ ನೋಡಿಕೊಂಡು ಇಳಿದುಹೋದರು. ಅವರ ಹಿಂದಿದ್ದವರೂ ಹೋದರು. ಅಕ್ಕ ಆ ಕೋಳಿಯನ್ನು ತೆಗೆದಳು, ಅಂಗಡಿಯ ಬಾಗಿಲನ್ನೂ ಎಳೆದಳು. ಬೈಯಲಿಲ್ಲ. ಸುಲಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ನೀ ಹೇಳದ್ದ್ ಸರಿಯೇ ಹೆಣ್ಣೆ. ಆರೆ ಇನ್ ಮೇಲೆ ಆಯ್ತಾರ ಬರ್ಬೇಡ."

ಈಗ ಭಾನುವಾರ ಬಿಟ್ಟು ವಾರದ ನಡುವೆ, ಜನ ಇಲ್ಲದ ಹೊತ್ತಿಗೆ ಹೋಗುತ್ತೇನೆ. ಮೊನ್ನೆ ಮಾತ್ರ ಹೊಸ ಗಿರಾಕಿಯೊಬ್ಬರು ಬಂದು, ಒಳಗೆ ಚಾ ಕುಡಿಯುತ್ತಿದ್ದ ನನ್ನನ್ನು ಕಂಡು ಕೇಳಿದರು.

"ಇವ್ರ್ ಯಾರ್?"

"ನನ್ ತಂಗಿ. ದನದ್ ಡಾಕ್ಟ್ರು."

"ಕೋಳಿದೂ ಕಾಂತ್ರಾ?"

"ಇಲ್ಲ ಮಾರಾಯ್ರೆ, ದನಕ್ ಮಾತ್ರ," ಎಂದಳು ಅಕ್ಕ, ನನ್ನ ಕಡೆ ನೋಡದೆ.

ಅವರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅಕ್ಕ ಪಂಜರದ ಬಾಗಿಲು ತೆಗೆದು ಒಳಗೆ ಕೈ ಹಾಕಿದಳು.