ಪಾನಕದ ಮುರುಗೇಶ

ಮುರುಗೇಶನಿಗೆ ಈಗೀಗ ಹಗಲಲ್ಲೇ ನೀರಿನ ಕನಸು ಬೀಳುತ್ತದೆ. ಡಯಾಲಿಸಿಸ್ ಮಂಚದ ಮೇಲೆ ಕಣ್ಣು ಅರೆಮುಚ್ಚಿದರೆ ಸಾಕು, ಬಿನ್ನಿಪೇಟೆಯ ಬೀದಿಯ ಹಳೆಯ ನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಅವನು ಹುಡುಗನಾಗಿ ಅದಕ್ಕೆ ಬಾಯೊಡ್ಡಿ ನಿಂತಿರುತ್ತಾನೆ. ನೀರು ಗಂಟಲಿನಿಂದ ಎದೆಗೆ, ಎದೆಯಿಂದ ಬೆರಳ ತುದಿಗೆ ತಣ್ಣಗೆ ಇಳಿಯುತ್ತಲೇ ಇರುತ್ತದೆ. ನರ್ಸಮ್ಮ ಭುಜ ತಟ್ಟಿ ಎಬ್ಬಿಸಿದಾಗ ಬಾಯಿ ಒಣಗಿರುತ್ತದೆ. ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ದಿನಕ್ಕೆ ಒಂದೇ ಲೀಟರ್. ಕಾಫಿ, ಸಾರು, ಮಾತ್ರೆ ನುಂಗುವ ನೀರು ಎಲ್ಲ ಅದರಲ್ಲೇ.

ದೇವರ ಪಟಗಳಿಗೆ ಫ್ರೇಮ್ ಹಾಕುತ್ತಿದ್ದ ಅಂಗಡಿ ಮುಚ್ಚಿದ ಮೇಲೆ ಹೆಂಡತಿ ಕಲಾಳ ಗಾರ್ಮೆಂಟ್ಸ್ ಸಂಬಳದಲ್ಲೇ ಸಂಸಾರ. ಚಂದ್ರಾ ಲೇಔಟಿನ ಮಹಡಿ ಮನೆ ಬಿಟ್ಟು, ಅದೇ ಬೀದಿಯಲ್ಲಿ ನೆಲಮಹಡಿಯ ಒಂದು ರೂಮಿನ ಮನೆಗೆ ಇಳಿದರು. ಸ್ಕೂಟರ್ ಹೋಯಿತು, ಕೇಬಲ್ ಹೋಯಿತು, ಶೋಕೇಸ್ ತುಂಬ ಇದ್ದ ಪಾತ್ರೆಗಳೂ ಹೋದವು. ಕಾಲೇಜಿಗೆ ಹೋಗುವ ಮಗಳು ಚೇತನಾ, “ಅಪ್ಪಂಗೇ ಬೇರೆ ಅಡುಗೆ ಯಾಕಮ್ಮ? ಎಲ್ರೂ ಉಪ್ಪು ಕಮ್ಮಿ ತಿನ್ನೋಣ,” ಅಂದಳು. ಸುಳ್ಳೇಕೆ ಹೇಳಲಿ, ಮನೆ ಹಗುರಾಯಿತು. ಮುನಿಸಿಕೊಂಡು ಹೋಗಿ ಕೂರಲು ಇನ್ನೊಂದು ರೂಮೇ ಇಲ್ಲದ ಮೇಲೆ ಜಗಳ ಎಷ್ಟು ಹೊತ್ತು ನಡೆದೀತು?

ಹೋಗದೆ ಉಳಿದದ್ದು ರಾಮನವಮಿಯ ಪಾನಕ ಒಂದೇ. ಇಪ್ಪತ್ತೆರಡು ವರ್ಷ ಗೇಟಿನ ಮುಂದೆ ಕೊಳಗ ಇಟ್ಟು ಬಂದವರಿಗೆಲ್ಲ ಹಂಚಿದ್ದಾನೆ. ಬೀದಿಗೆಲ್ಲ ಅವನು ಪಾನಕದ ಮುರುಗೇಶ. ಹೋದ ವರ್ಷ ಎಡವಟ್ಟಾಗಿದ್ದೂ ಅದರಿಂದಲೇ. ಪ್ರಸಾದ ಯಾರಿಗೂ ಏನೂ ಮಾಡುವುದಿಲ್ಲ ಎಂದು ದೇವರ ಮೇಲೆ ಭಾರ ಹಾಕಿ, ಮಹಾನುಭಾವ ಐದು ಲೋಟ ಕುಡಿದುಬಿಟ್ಟ. ಸಂಜೆಗೆ ಉಸಿರು ಸಿಕ್ಕಿಕೊಂಡಿತು. ಆಟೋದಲ್ಲಿ ಅವನ ತಲೆಯನ್ನು ಎದೆಗೊತ್ತಿ ಹಿಡಿದ ಕಲಾ ಆಸ್ಪತ್ರೆಯವರೆಗೂ ರಾಮನನ್ನೇ ಬೈದಳು.

“ಈ ಸಲ ಪಾನಕ ಬೇಡ ರೀ,” ಅಂದಳು. “ಎಲ್ಲಾ ಬಿಟ್ಟಿದೀವಿ, ಇದೂ ಹೋಗ್ಲಿ. ಇನ್ನೊಂದ್ಸಲ ನಿಮ್ಮನ್ನ ಹಂಗೆ ನೋಡೋಕೆ ನನ್ ಕೈಲಾಗಲ್ಲ.”

ಮುರುಗೇಶ ಗೋಡೆಯ ಕಡೆ ನೋಡುತ್ತಾ ಹೇಳಿದ: “ಔಷಧಿ, ಅನ್ನ, ರಕ್ತ, ಎಲ್ಲಾ ಇನ್ನೊಬ್ರ ಕೈಯಿಂದ ಇಸ್ಕೊಳ್ಳೋನೇ ಆಗ್ಬಿಟ್ಟಿದೀನಿ ಕಣೇ. ವರ್ಷಕ್ಕೊಂದಿನ ಕೊಡೋನಾಗಿರ್ತೀನಿ. ಒಂದ್ ತೊಟ್ಟು ಕುಡಿದ್ರೂ ಮುಂದಿನ ವರ್ಷದಿಂದ ನಾನೇ ನಿಲ್ಲಿಸ್ತೀನಿ.”

ಅವಳು ಒಪ್ಪಿದಳು. ಕೊಳಗದ ಬದಲು ಒಂದು ಬಕೆಟ್ ಮಾತ್ರ.

ರಾಮನವಮಿಯ ದಿನ ಬಿಸಿಲು ಬೀದಿಯನ್ನೇ ಕರಗಿಸುವಂತಿತ್ತು. ಬೆಲ್ಲ ಕದಡಿ, ನಿಂಬೆ ಹಿಂಡಿ, ಏಲಕ್ಕಿ ಉದುರಿಸುವಾಗ ಮುರುಗೇಶನಿಗೆ ತಾನು ಎಚ್ಚರವಾಗಿದ್ದೇನೋ ಮಂಚದ ಮೇಲೆ ಮಲಗಿದ್ದೇನೋ ತಿಳಿಯಲಿಲ್ಲ. ಬಣ್ಣಬಣ್ಣದ ಛತ್ರಿಗಳು ತೇಲಿ ಬಂದವು, ಕೈಗಳು ಚಾಚಿದವು, ಲೋಟಗಳು ತುಂಬಿ ಖಾಲಿಯಾದವು. ಕುಡಿದವರ ಗಂಟಲು ಏರಿಳಿಯುವುದನ್ನೇ ನೋಡುತ್ತಾ ನಿಂತ. ಅಷ್ಟು ಜನರ ದಾಹ ತೀರುತ್ತಿತ್ತು, ಅವನದು ಏರುತ್ತಿತ್ತು.

ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ತುಂಬಿದ ಲೋಟವನ್ನು ಅವನ ಕೈಗೇ ಇಟ್ಟರು. “ಮಾಡಿದೋನು ನೀನೇ ಕುಡೀದಿದ್ರೆ ಹೆಂಗಪ್ಪ? ಪ್ರಸಾದ ಬೇಡ ಅನ್ಬಾರ್ದು.”

ಲೋಟ ತಣ್ಣಗಿತ್ತು. ಏಲಕ್ಕಿಯ ಘಮ ಮೂಗಿನವರೆಗೂ ಬಂತು. ಮನಸ್ಸು ಜಾರಿತು ಎಂದೇ ಹೇಳಬೇಕು. ಲೋಟ ಗಲ್ಲದವರೆಗೆ ಏರಿತು. ಬಾಗಿಲಲ್ಲಿ ನಿಂತಿದ್ದ ಕಲಾ ಕೂಗಲಿಲ್ಲ, ಓಡಿ ಬರಲಿಲ್ಲ. ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅವಳ ತುಟಿಯೂ ಒಣಗಿದ್ದದ್ದು ಮುರುಗೇಶನಿಗೆ ಅಷ್ಟು ದೂರದಿಂದಲೇ ಕಾಣಿಸಿತು.

ಅವನು ಲೋಟವನ್ನು ಕಣ್ಣಿಗೊತ್ತಿಕೊಂಡ. ಒಂದು ಹನಿಯೂ ಚೆಲ್ಲದಂತೆ ನಡೆದು ಬಂದು ಅವಳ ಮುಂದೆ ಹಿಡಿದ.

“ಕುಡಿ.”

“ಆಮೇಲೆ ಕುಡೀತೀನಿ ರೀ.”

“ಈಗ್ಲೇ, ನನ್ನೆದುರಿಗೇ. ಮೂರ್ ವರ್ಷದಿಂದ ಅಡುಗೆಮನೆ ಬಾಗಿಲ ಹಿಂದೆ ನಿಂತ್ಕೊಂಡು ನೀರ್ ಕುಡೀತಿದೀಯ. ನಂಗೊತ್ತಿಲ್ಲ ಅನ್ಕೊಂಡಿದೀಯಾ?”

ಕಲಾಳಿಗೆ ಅಳು ಬಂತು. ಅತ್ತುಕೊಂಡೇ, ಗಂಡನ ಮುಖ ನೋಡುತ್ತಲೇ ಪೂರ್ತಿ ಲೋಟ ಕುಡಿದಳು. ಅವನಿಗೆ ಹೊಟ್ಟೆಕಿಚ್ಚಾಯಿತು, ಅದರ ಎರಡರಷ್ಟು ಸಂತೋಷವೂ ಆಯಿತು.

“ಸಿಹಿ ಸರಿಯಾಗಿದ್ಯಾ?”

ಅವಳು ಸೆರಗಿನಲ್ಲಿ ಬಾಯೊರೆಸಿಕೊಂಡು ಖಾಲಿ ಲೋಟ ಚಾಚಿದಳು.

“ಇನ್ನೊಂದು ಕೊಡಿ.”