ಕರಿಯಕ್ಕ ಹಾಡಿದ ಕಾರು

ಆ ಕಾರಿನ ಹಾಡು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಂಕೆರೆಯ ಶಶಿ ತನ್ನ ಲಗೇಜ್ ಆಟೋ ತಂದು ನಮ್ಮ ಅಂಗಳದಲ್ಲಿ ಕೊಬ್ಬರಿ ಚೀಲ ತುಂಬಿಕೊಳ್ಳುವಾಗಲೆಲ್ಲ ಅದನ್ನೇ ಹಾಕುತ್ತಿದ್ದ. ಹುಡುಗ ಕೋಟಿ ಬೆಲೆಯ ಕಾರು ತಂದರೆ ಮಾತ್ರ ಹುಡುಗಿ ತಿರುಗಿ ನೋಡುತ್ತಾಳಂತೆ. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ನನ್ನದು, ಒಂದು ದಿನ ಸುಮ್ಮನಿರಲಿಲ್ಲ. "ಇದೂ ಒಂದು ಹಾಡೇನಯ್ಯಾ? ಬರೀ ದುರಾಸೆ!" ಎಂದೆ.

ಅಟ್ಟದಿಂದ ಇಳಿಸಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದ ಕರಿಯಕ್ಕ ಮಚ್ಚು ಕೆಳಗಿಟ್ಟಳು.

"ಬುಡಿ ಮೇಷ್ಟ್ರೇ, ನಾವೇನ್ ಕಮ್ಮಿ ಹಾಡಿದ್ದೀವಾ? ಕಾಲಿಗೆ ಚಪ್ಲಿ ಇಲ್ದಿದ್ದ ಗಂಡಿಗೂ ಬೆಳ್ಳಿ ಗಾಡಿ, ಬಂಗಾರದ ನೊಗ ಅಂತ ಸೋಬಾನೆ ಹೇಳಿದ್ದೀನಿ. ಇಲ್ಲದ್ದನ್ನ ಬಾಯಲ್ಲಾದ್ರೂ ತಂದ್ಕೊಂಡ್ರೆ ಯಾರಪ್ಪನ್ ಗಂಟು ಹೋಯ್ತದೆ?"

ಹುಳಿಯಾರು ಕಡೆಯ ಕುರಿಗಾಹಿಗಳ ಹಟ್ಟಿಯವಳು ಅವಳು. ಮದುವೆಗೆ ಗಂಡು ಬಂದಿಳಿದಾಗ ಅವನು ಏರಿ ಬಂದದ್ದನ್ನು ಹೊಗಳಿ ಹಾಡುವುದು ಅವಳದೇ ಪಾಲು. ಆ ಹಾಡು ನಡುವೆ ನಿಂತರೆ ಸಂಸಾರಕ್ಕೆ ಒಳ್ಳೆಯದಲ್ಲ ಎಂದು ಹಟ್ಟಿಯವರ ನಂಬಿಕೆ. ಎತ್ತಿನ ಗಾಡಿ ಹೋಗಿ ಜೀಪು ಬಂತು, ಜೀಪು ಹೋಗಿ ಕಾರು ಬಂತು. ಎಲ್ಲವನ್ನೂ ಹಾಡಿದ ಕರಿಯಕ್ಕ ಬಸ್ಸು, ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಹತ್ತಿದವಳಲ್ಲ.

"ಆ ಹಾಡಲ್ಲಿ ಹೇಳ್ತಾನಲ್ಲ, ಅಂತದ್ರಲ್ಲಿ ಒಂದ್ ಸಲ ಕೂತ್ಕಬೇಕು ಕಣ್ರೀ, ಸಾಯೋದ್ರೊಳಗೆ" ಎಂದು ಹೇಳಿ, ಅರವತ್ತೈದರ ಹೆಂಗಸು ಹುಡುಗಿಯ ಹಾಗೆ ನಾಚಿಕೊಂಡಳು. ಶಶಿ ಕೇಳಿಸಿಕೊಂಡು ನಕ್ಕ.

ಅದೇ ಶಶಿಗೂ ಕರಿಯಕ್ಕನ ಅಣ್ಣನ ಮೊಮ್ಮಗಳು ಬಿಂದುಶ್ರೀಗೂ ಮದುವೆ ಗೊತ್ತಾಯಿತು. ನಾನೂ ಹೋಗಿದ್ದೆ. ಹೆಣ್ಣಿನ ಮನೆ ಮುಂದೆ ಬಂದು ನಿಂತದ್ದು ಆಟೋ ಅಲ್ಲ. ಉದ್ದನೆಯ ಕಪ್ಪು ಕಾರು, ಮೂತಿಗೆ ಸೇವಂತಿಗೆ ಹಾರ. ಕೋಟು ತೊಟ್ಟು ಇಳಿದ ಶಶಿಯನ್ನು ಕಂಡು ಕರಿಯಕ್ಕನ ಗಂಟಲು ತಾನಾಗಿ ತೆರೆಯಿತು.

"ಕನ್ನಡಿಯಂಥ ಕಾರು ನಮ್ಮಳಿಯ ಕೊಂಡ ಕಾರು
ಚಿನ್ನದಂಥ ಬಿಂದುಗೆ ತಂದವ್ನೆ, ಸೋಬಾನೆ"

ಕಾರಿನ ಚಾಲಕ ತುಮಕೂರಿನವನು. ಕಿಸಕ್ಕನೆ ನಕ್ಕುಬಿಟ್ಟ. "ಕೊಂಡಿದ್ದಲ್ಲ ಕಣಜ್ಜಿ, ಬಾಡಿಗೆ ಗಾಡಿ! ಆರು ಗಂಟೆಗೆ ವಾಪಸ್ ಹೋಗ್ಬೇಕು."

ಜನ ಗೊಳ್ಳೆಂದರು. ಶಶಿಯ ಮುಖ ಸಣ್ಣಗಾಯಿತು. ತಾನೆಂದೂ ಕಾರು ಕೊಂಡೆನೆಂದು ಅವನು ಯಾರಿಗೂ ಹೇಳಿರಲಿಲ್ಲ, ಪಾಪ. ನನಗೆ ಮೊದಲು ಒಳಗೊಳಗೇ ಖುಷಿಯಾಯಿತು, ಮರುಗಳಿಗೆ ನನ್ನ ಮೇಲೆ ನನಗೇ ಅಸಹ್ಯ ಬಂತು. ಹಾಡು ನಿಲ್ಲುವಂತಿಲ್ಲ. ಕರಿಯಕ್ಕ ಆರತಿ ತಟ್ಟೆಯನ್ನು ಶಶಿಯ ಮುಂದೆ ಹಿಡಿದು ಮತ್ತೆ ಎತ್ತಿದಳು.

"ಮೂರು ಗಾಲಿಯ ತೇರು, ಮೂಟೆ ಹೊತ್ತ ತೇರು
ಯಾರ ಹಂಗೂ ಇಲ್ಲ, ನಮ್ಮಳಿಯ
ಬೆವರಲ್ಲಿ ಕೊಂಡ ತೇರು, ಸೋಬಾನೆ"

ನಗು ನಿಂತಿತು. ಬಾಗಿಲ ಒಳಗಿದ್ದ ಬಿಂದುಶ್ರೀ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಆ ಆಟೋನೇ ತರಿಸ್ರಿ. ನಾನು ಅದ್ರಲ್ಲೇ ಹೋಗೋದು."

ತಾಳಿ ಕಟ್ಟಿದ ಮೇಲೆ ಕಾರಿನ ಹಾರ ಬಿಚ್ಚಿ, ಅಷ್ಟರಲ್ಲಿ ತರಿಸಿದ್ದ ಆಟೋಗೆ ಕಟ್ಟಿದರು. ಕರಿಯಕ್ಕ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನನ್ ಬಾಯಿಂದ ನಿನ್ ಮಾನ ಹೋಯ್ತಲ್ಲಪ್ಪ" ಎಂದಳು.

"ಉಳಿಸಿದ್ದೂ ನೀನೇ ಕಣಕ್ಕ" ಎಂದ ಶಶಿ, ಕಾರಿನ ಹಿಂಬಾಗಿಲು ತೆರೆದ. "ಆರು ಗಂಟೆಗಂಟ ಟೈಮೈತೆ. ಹತ್ತು."

ಒಳಗಿನ ಮೆತ್ತನೆ ಹಾಸನ್ನು ನೋಡಿದ ಕರಿಯಕ್ಕ, ದೇವಸ್ಥಾನದ ಮೆಟ್ಟಿಲಲ್ಲಿ ಬಿಡುವಂತೆ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟಳು. ಸೆರಗಿನಿಂದ ಪಾದ ಒರೆಸಿಕೊಂಡು ಹತ್ತಿ, ಬೆನ್ನು ಒರಗಿಸದೆ ನೆಟ್ಟಗೆ ಕೂತಳು. ಶಶಿ ಹೇಳಿದಂತೆ ಚಾಲಕ ಆ ಕೋಟಿ ಕಾರಿನ ಹಾಡನ್ನೇ ಹಾಕಿದ. ಕಾರು ಕೆರೆ ಏರಿಯ ಕಡೆ ಹೊರಟಿತು.

ಸವೆದ ಆ ಚಪ್ಪಲಿ ಜೊತೆಯನ್ನು ಯಾರೂ ತುಳಿಯದಂತೆ ಪಕ್ಕಕ್ಕಿಟ್ಟು, ಅವಳು ಬರುವ ತನಕ ನಾನು ಅಲ್ಲೇ ಕಾಯುತ್ತ ನಿಂತೆ.