ಹೆಬ್ಬೆರಳಿಗೆ ಗೊತ್ತಿದ್ದ ಟೈರು

ಎಲ್ಲಿಯಾದರೂ ಒಂದು ಸೈಕಲ್ ನಿಂತಿದ್ದರೆ ನನ್ನ ಬಲಗೈಯ ಹೆಬ್ಬೆರಳು ಸುಮ್ಮನಿರುವುದಿಲ್ಲ. ಅದು ಗುಡಿಯ ಮುಂದಿರಲಿ, ದವಾಖಾನೆಯ ಮುಂದಿರಲಿ, ಯಾರದೆಂದೇ ಗೊತ್ತಿಲ್ಲದ ಸೈಕಲ್ ಆಗಿರಲಿ, ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಸೀರೆಯ ನೆರಿಗೆ ಸರಿಪಡಿಸುವ ನೆಪದಲ್ಲಿ ಬಗ್ಗಿ ಟೈರನ್ನು ಒಮ್ಮೆ ಒತ್ತಿಯೇ ಮುಂದೆ ಹೋಗುತ್ತೇನೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹೆಂಗಸನ್ನು ಜಾಣೆ ಎನ್ನುತ್ತಾರೆ. ಟೈರು ಒತ್ತಿ ನೋಡುವ ಮುದುಕಿಯನ್ನು ಏನೆನ್ನುತ್ತಾರೋ ಎಂಬ ಹೆದರಿಕೆಯಿಂದ ಈ ಚಾಳಿಯನ್ನು ಬಹಳ ಕಾಲ ಗುಟ್ಟಾಗಿಯೇ ಇಟ್ಟುಕೊಂಡಿದ್ದೆ. ಮಕ್ಕಳೇ, ನಿಮಗೆ ಈಗ ಹೇಳಿಬಿಡುತ್ತೇನೆ.

ನಾನು ಹದಡಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಹೆಬ್ಬೆರಳು ನನಗಿಂತ ಹೆಚ್ಚು ಓದಿದೆ. ಅದರ ಮೊದಲ ಪಾಠ ನಮ್ಮಪ್ಪನ ಎತ್ತಿನ ಗಾಡಿಯ ಹಿಂದೆ ನಡೆಯಿತು. ಎರೆ ಎಂದರೆ ನಮ್ಮ ಕಡೆಯ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತೆ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಮೈದಾ ಹಿಟ್ಟನ್ನೂ ನಾಚಿಸುವಂತೆ ಅಂಟುತ್ತದೆ. ಹೊಲದ ದಾರಿಯಲ್ಲಿ ಗಾಲಿಗೆ ಮೆತ್ತಿದ ಮಣ್ಣನ್ನು ಕೋಲಿನಿಂದ ಕೆರೆಯುತ್ತ ಹಿಂದೆ ನಡೆಯುವ ಉದ್ಯೋಗ ನನ್ನದಾಗಿತ್ತು. ಅಗಲ ಪಟ್ಟಿಯ ಗಾಲಿ ಮಣ್ಣನ್ನು ಹೊತ್ತುಕೊಳ್ಳುತ್ತದೆ, ಕಿರಿದಾದದ್ದು ಕೊಯ್ದುಕೊಂಡು ಹೋಗುತ್ತದೆ ಎಂಬುದನ್ನು ಯಾವ ಮಾಸ್ತರೂ ಹೇಳಿಕೊಡಲಿಲ್ಲ, ನನ್ನ ತೋಳಿನ ನೋವು ಹೇಳಿಕೊಟ್ಟಿತು.

ಎರಡನೆಯ ಪಾಠ ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ. ನಿಮ್ಮ ಅಜ್ಜ ಹತ್ತಿ ಗಿರಣಿಗೆ ಕಪ್ಪು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಬೆಳಿಗ್ಗೆ ಅವರು ಊಟದ ಡಬ್ಬಿ ಸಿಕ್ಕಿಸಿಕೊಳ್ಳುವಷ್ಟರಲ್ಲಿ ನಾನು ಎರಡೂ ಗಾಲಿ ಒತ್ತಿ ನೋಡಿರಬೇಕು. "ಗಾಳಿ ಐತಾ?" ಎಂದು ಅವರು ಕೇಳುವುದು, ನಾನು ತಲೆಯಾಡಿಸುವುದು. ಹೊಸ ಸೊಸೆಯಾಗಿ ತುಂಬಿದ ಮನೆಯಲ್ಲಿ ನಾನು ಗಂಡನೊಡನೆ ಎಲ್ಲರೆದುರು ಆಡಬಹುದಾಗಿದ್ದ ಮಾತು ಅದೊಂದೇ, ಅದರಲ್ಲೂ ನನ್ನ ಪಾಲಿನದು ಬರೀ ತಲೆಯಾಡಿಸುವುದು. ಆದರೂ ಆ ಎರಡು ಅಕ್ಷರದ ಗಾಳಿಯಲ್ಲಿ ನಮ್ಮ ಸಂಸಾರ ಎಷ್ಟೋ ದೂರ ಸಾಗಿತು.

ಈಗ ನಿಮ್ಮ ಸಿಂಚನಕ್ಕನ ವಿಷಯಕ್ಕೆ ಬರುತ್ತೇನೆ. ಅವಳಿಗೆ ಹರಿಹರದ ಒಂದು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದಾಗ, ದಿನವೂ ದಾವಣಗೆರೆಯಿಂದ ಸೈಕಲ್ಲಿನಲ್ಲಿಯೇ ಹೋಗಿಬರುತ್ತೇನೆಂದು ಹಟ ಹಿಡಿದಳು. ಅಷ್ಟೇ ಆಗಿದ್ದರೆ ಅವಳ ಅಪ್ಪ, ನನ್ನ ಮಗ ಮಂಜುನಾಥ, ಹೇಗೋ ಒಪ್ಪುತ್ತಿದ್ದ. ಭಾನುವಾರ ಗೆಳತಿ ನಸೀಮಾಳ ಜೊತೆ ನಾಲೆಯ ಏರಿ, ಗದ್ದೆಯ ಬದು, ಎಲ್ಲಿ ದಾರಿಯಿಲ್ಲವೋ ಅಲ್ಲಿಯೇ ಸೈಕಲ್ ಹೊಡೆಯುವ ಆಸೆಯೂ ಅವಳಿಗಿತ್ತು. ಎರಡಕ್ಕೂ ಸಲ್ಲುವ ಒಂದೇ ಸೈಕಲ್ ಬೇಕಾಗಿತ್ತು.

ಕೊಳ್ಳಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ. ನೆಲದ ಹೊಳಪು ನೋಡಿ ನಾನು ಚಪ್ಪಲಿ ಹೊರಗೇ ಬಿಟ್ಟು, ದೇವಸ್ಥಾನಕ್ಕೆ ಬಂದವಳಂತೆ ಬರಿಗಾಲಿನಲ್ಲಿ ಒಂದು ಮೂಲೆಯಲ್ಲಿ ನಿಂತೆ. ಅಂಗಡಿಯವರು ಉಬ್ಬಿದ ಪೂರಿಯಂಥ ಟೈರಿನ ಸೈಕಲ್ಲೊಂದನ್ನು ತೋರಿಸಿ, "ಇದು ಎಲ್ಲಾ ದಾರಿಗೂ ನಡೀತೈತ್ರಿ ಮೇಡಂ, ಗುಡ್ಡಾನೂ ಹತ್ತತೈತೆ," ಎಂದರು. ಎಲ್ಲರೂ ಸೀಟಿನ ಬಣ್ಣ ನೋಡುತ್ತಿದ್ದಾಗ ನನ್ನ ಹೆಬ್ಬೆರಳು ತನ್ನ ಕೆಲಸ ಮುಗಿಸಿತು. ಟೈರಿನ ಮೇಲಿನ ಗುಬುಟುಗಳು ಜೋಳದ ತೆನೆಯ ಕಾಳಿನಂತೆ ಒತ್ತೊತ್ತಾಗಿದ್ದವು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ಸಹ ತೂರುತ್ತಿರಲಿಲ್ಲ. ಇದು ಎರೆಯಲ್ಲಿ ಹೂತುಕೊಳ್ಳುತ್ತದೆಂದು ನನಗೆ ಅಲ್ಲಿಯೇ ಗೊತ್ತಾಯಿತು. ಆದರೆ ಅಷ್ಟು ಜನ ಓದಿದವರ ನಡುವೆ ಬರಿಗಾಲಿನ ಮುದುಕಿ ಏನು ಮಾತಾಡುವುದು? ನಾನು ಹಳೆಯ ಅಭ್ಯಾಸದಂತೆ ತಲೆಯಾಡಿಸಿದೆ.

ಆ ಸೈಕಲ್ಲೇ ಮನೆಗೆ ಬಂತು. ಬಂದ ಮೂರನೆಯ ಭಾನುವಾರ ಮಳೆಯೂ ಬಂತು. ಮಧ್ಯಾಹ್ನದ ಹೊತ್ತಿಗೆ ಸಿಂಚನಳ ಫೋನು: ನಾಲೆಯ ಆಚೆ, ಗದ್ದೆಗಳ ನಡುವೆ ಗಾಲಿ ತಿರುಗುತ್ತಿಲ್ಲ, ತಳ್ಳಲೂ ಆಗುತ್ತಿಲ್ಲ. ಮಂಜುನಾಥ ಲಗೇಜು ಆಟೋ ಮಾಡಿಕೊಂಡು ಹೋಗಿ ಮಗಳನ್ನೂ ಸೈಕಲ್ಲನ್ನೂ ಹೇರಿಕೊಂಡು ಬಂದ. ಕೆರೆಯಿಂದೆದ್ದ ಎಮ್ಮೆಗೂ ಆ ಸೈಕಲ್ಲಿಗೂ ವ್ಯತ್ಯಾಸವಿರಲಿಲ್ಲ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು.

"ಇನ್ನೊಂದೇ ಸಲ ನೋಡ್ತೀನಿ," ಎಂದ ಮಂಜುನಾಥ. "ಮತ್ತೆ ಆಟೋ ತರಂಗಾದ್ರೆ ಈ ಸೈಕಲ್ಲು ಅಟ್ಟಕ್ಕೆ, ನೀನು ಬಸ್ಸಿಗೆ. ಆಮ್ಯಾಕೆ ನನ್ನ ಕೇಳಬ್ಯಾಡ."

ಸಿಂಚನ ಸೈಕಲ್ಲನ್ನು ಹಿತ್ತಲಿಗೆ ಎತ್ತಿಕೊಂಡು ಹೋದಳು. ಹಿತ್ತಲಿನಲ್ಲಿ ನೀರು ಹೊಯ್ಯುತ್ತ ಕುಳಿತವಳ ಪಕ್ಕದಲ್ಲಿ ನಾನೂ ಒಂದು ಕೋಲು ಹಿಡಿದು ಮಣ್ಣು ಕೆರೆಯಲು ಕುಳಿತೆ. ಐವತ್ತು ವರ್ಷದ ಮೇಲೂ ಕೈಗೆ ಆ ಕೆಲಸ ನೆನಪಿತ್ತು.

"ನಂಗೆ ಅವತ್ತೇ ಗೊತ್ತಿತ್ತು ಕಣೇ, ಇದು ಕಚ್ಕಂತೈತಿ ಅಂತ," ಎಂದೆ, ಮೆಲ್ಲಗೆ.

ಅವಳು ನೀರಿನ ಚೊಂಬು ಕೆಳಗಿಟ್ಟಳು. "ಗೊತ್ತಿದ್ದೂ ಯಾಕ ಹೇಳ್ಲಿಲ್ಲಜ್ಜಿ?"

ಸಿಟ್ಟಿನಿಂದ ಕೇಳಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ಮಾತಾಡದೆ ಇರುವುದನ್ನು ಜೀವನವಿಡೀ ನಯವೆಂದು ನಂಬಿದ್ದವಳಿಗೆ, ನನ್ನ ನಯದ ಬೆಲೆಯನ್ನು ಈ ಹುಡುಗಿ ತೆತ್ತಳಲ್ಲ ಎಂದು ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಸಂಜೆ ಅವಳನ್ನು ಕರೆದುಕೊಂಡು ರಹಮತ್ ಸಾಬರ ಅಂಗಡಿಗೆ ಹೋದೆ. ನಿಮ್ಮ ಅಜ್ಜನ ಸೈಕಲ್ಲಿಗೆ ಪಂಕ್ಚರು ಹಾಕುತ್ತಿದ್ದವರು ಅವರೇ. ಸೈಕಲ್ ನೋಡಿ ಅವರು ನುಣುಪಾದ, ಸಣ್ಣ ಟೈರೊಂದನ್ನು ಎತ್ತಿ ತೋರಿಸಿದರು. "ಹರಿಹರದ ರಸ್ತೆಗೆ ಇದೇ ಬೆಸ್ಟು. ಬೆಣ್ಣೆ ಹಂಗೆ ಓಡತೈತೆ ಬೇಟಿ."

ಸಿಂಚನ ನನ್ನ ಮುಖ ನೋಡಿದಳು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ, ನೀವು ನಗಬಹುದು, ಒಂದು ಟೈರಿನ ಸಲುವಾಗಿ.

"ಬ್ಯಾಡ್ರಿ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಅದು ಏರಿ ಮ್ಯಾಲೆ ಜಾರತೈತಿ. ನಡುವೆ ನುಣ್ಣಗಿರ್ಲಿ, ಎರಡೂ ಅಂಚಿಗೆ ಗುಬುಟು ಇರ್ಲಿ, ಅವೂ ದೂರದೂರ ಇರ್ಲಿ, ಮಣ್ಣು ಉದುರಬೇಕಲ್ರಿ. ಅಗಲ ಮಾತ್ರ ಬ್ಯಾಡ. ಈ ಮಡ್‌ಗಾರ್ಡು ತಗದು, ಬೇಕಾದಾಗ ಹಾಕಿ ಬ್ಯಾಡಾದಾಗ ಬಿಚ್ಚಂಥದು ಕೊಡ್ರಿ. ಮತ್ತೆ ಜಾಲಿಮುಳ್ಳಿಗೆ, ನಮ್ಮನೆಯೋರ ಸೈಕಲ್ಲಿಗೆ ನೀವು ಮಾಡ್ತಿದ್ರಲ್ಲ, ಹಳೇ ಟ್ಯೂಬು ಸೀಳಿ ಒಳಗೆ ಹಾಸಿಬಿಡ್ರಿ."

ರಹಮತ್ ಸಾಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅರೇ ವಾ ಅಮ್ಮಾರೆ! ಇಷ್ಟು ವರ್ಷ ಅಂಗಡಿ ಮುಂದೆ ಸೆರಗು ಹೊದ್ಕಂಡು ನಿಂತಿದ್ರಿ, ಒಂದು ಮಾತು ಕೇಳಿಲ್ಲ ನಾನು. ನಮ್ಮ ಧಂದೆಯೇ ಕಲ್ತುಬಿಟ್ಟೀರಲ್ರೀ!"

ಅಲ್ಲಿಂದ ಮುಂದೆ ಮೂವರೂ ಸಮಸಮನಾಗಿ ಚರ್ಚೆ ಮಾಡಿದೆವು. ಬ್ರೇಕಿನ ವಿಷಯದಲ್ಲಿ ಸಿಂಚನಳೇ ಗೆದ್ದಳು: ಗಾಲಿಯ ಅಂಚನ್ನು ಹಿಡಿಯುವ ಬ್ರೇಕು ಕೆಸರಿನಲ್ಲಿ ಕೈಕೊಡುತ್ತದೆ, ಆದ್ದರಿಂದ ತನ್ನ ಸೈಕಲ್ಲಿನಲ್ಲಿರುವ, ಗಾಲಿಯ ನಡುವಿನ ತಟ್ಟೆ ಹಿಡಿಯುವ ಡಿಸ್ಕ್ ಬ್ರೇಕು ಇರಲೇಬೇಕೆಂದಳು. ನನಗೆ ತಿಳಿಯದ ಸಂಗತಿ, ಒಪ್ಪಿಕೊಂಡೆ. ಹೇಳುವುದಕ್ಕೆ ಬಾಯಿ ತೆರೆದ ಮೇಲೆ ಕೇಳುವುದಕ್ಕೆ ಕಿವಿಯೂ ಚುರುಕಾಗುತ್ತದೆಂದು ಆ ಅಂಗಡಿಯಲ್ಲಿ ಕಲಿತೆ. ಕತ್ತಲಾಗುವಷ್ಟರಲ್ಲಿ ನಾನು ಹೇಳಿದಂಥ ಟೈರು ಸೈಕಲ್ಲಿಗೆ ಕೂತಿತು.

ಮುಂದಿನ ಭಾನುವಾರದ ಹಿಂದಿನ ದಿನ ಮತ್ತೆ ಮಳೆ. ಸಿಂಚನ ಹಟ ಬಿಡಲಿಲ್ಲ. ನಸೀಮಾಳ ಜೊತೆ ಹರಿಹರ ದಾಟಿ, ನಂದಿಗುಡಿಯ ಕಡೆಯ ಮಣ್ಣಿನ ದಾರಿಯಲ್ಲಿ ಹೊಳೆದಂಡೆಯ ಉಕ್ಕಡಗಾತ್ರಿಗೆ ಹೋಗಿ ಬರುವುದೆಂದು ತಾನೇ ಪಂಥ ಕಟ್ಟಿದಳು. ಹೊರಡುವಾಗ ನಾನು ಗಾಲಿ ಒತ್ತಿ, ಮಣ್ಣಿನ ದಾರಿ ಬಂದಾಗ ತುಸು ಗಾಳಿ ಬಿಡಬೇಕೆಂದು ಹೇಳಿ, ಸೈಕಲ್ಲಿನ ನಡುಕಂಬಿಗೆ ನನ್ನ ಮಣ್ಣು ಕೆರೆಯುವ ಕೋಲನ್ನು ಕಟ್ಟಿದೆ. ಮಂಜುನಾಥ ಒಳಗೆ ಹೋಗಿ ಲಗೇಜು ಆಟೋದವನಿಗೆ ಫೋನು ಮಾಡಿ, ಮನೆಯಲ್ಲೇ ಇರಲು ಹೇಳಿಟ್ಟ. ನನಗೆ ಕೇಳಿಸಲಿಲ್ಲವೆಂದು ಅವನು ತಿಳಿದಿದ್ದ.

ನಾನು ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸಿದೆ. ಆರಿಸಿದ್ದನ್ನೇ ಇನ್ನೊಮ್ಮೆ ಆರಿಸಿದೆ. ಹನ್ನೊಂದಕ್ಕೆ ಫೋನು ಬಂತು. ಮಂಜುನಾಥ ಎದ್ದು ಅಂಗಿ ಹಾಕಿಕೊಳ್ಳುತ್ತಲೇ ಎತ್ತಿದ.

"ಮುಟ್ಟಿದ್ವಿ ಅಪ್ಪಾಜಿ! ಹೊಳೆ ದಂಡೆಯಾಗೆ ಅದೀವಿ. ಅಜ್ಜಿಗೆ ಹೇಳು, ಮಣ್ಣು ಹತ್ತತೈತೆ, ಹಂಗೇ ಉದುರತೈತೆ ಅಂತ."

ಮಂಜುನಾಥ ಒಂದು ತೋಳಿಗಷ್ಟೇ ಅಂಗಿ ಹಾಕಿಕೊಂಡು ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಆಟೋದವನಿಗೆ, "ಬ್ಯಾಡ ಬಿಡಪ್ಪ, ನಿನ್ನ ಬಾಡಿಗೆ ನೋಡ್ಕ," ಎಂದು ಹೇಳುವುದು ಕೇಳಿಸಿತು. ಅವನು ನನ್ನ ಕಡೆ ನೋಡದೆ ಮೊರದಿಂದ ಒಂದು ಕಲ್ಲು ಆರಿಸಿ ಬಿಸಾಡಿದ. ಮಾತು ನುಂಗಿಕೊಳ್ಳುವುದರಲ್ಲಿ ಅವನು ನನ್ನ ಮಗನೇ.

ನಾಲ್ಕು ಗಂಟೆಗೆ ಇಬ್ಬರೂ ಬಂದರು. ಹಿಂತಿರುಗುವಾಗ ನಸೀಮಾಳ ಅಗಲ ಟೈರು ಕೆಸರು ಕಚ್ಚಿ ನಿಂತಿತ್ತಂತೆ. ನನ್ನ ಕೋಲಿನಿಂದ ಹೆಜ್ಜೆಗೊಮ್ಮೆ ಕೆರೆದು ಸಿಂಚನಳೇ ಅವಳನ್ನು ಡಾಂಬರಿಗೆ ಮುಟ್ಟಿಸಿದಳು. ಓಣಿಯವರು ಈ ಸಲವೂ ಬಾಗಿಲಿಗೆ ಬಂದರು. ಮೊಣಕಾಲವರೆಗೆ ಕಪ್ಪು ಮಣ್ಣು ಮೆತ್ತಿಕೊಂಡು, ಸೈಕಲ್ಲಿನ ಮೇಲೆಯೇ ಕುಳಿತು ಬಂದ ಆ ಹುಡುಗಿಯನ್ನು ನೋಡಿ ನನಗಾದ ಹೆಮ್ಮೆಯನ್ನು ಬರೆಯಲು ನನ್ನ ಏಳನೆಯ ತರಗತಿ ಸಾಲದು. ನಿಮ್ಮ ಅಜ್ಜ ಇದ್ದಿದ್ದರೆ "ಗಾಳಿ ಐತಾ?" ಎನ್ನುತ್ತಿದ್ದರು. ನಾನು ಬಾಯಿ ಬಿಟ್ಟೇ "ಐತೆ" ಎನ್ನುತ್ತಿದ್ದೆ.

ಮೊನ್ನೆ ನಸೀಮಾ ಹೊಸ ಟೈರು ಕೊಳ್ಳಲು ಅದೇ ಗಾಜಿನ ಅಂಗಡಿಗೆ ಹೊರಟಳು. "ಅಜ್ಜಿ, ನೀವು ಬರಲೇಬೇಕ್ರಿ," ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಚಪ್ಪಲಿಯನ್ನು ಈ ಸಲವೂ ಹೊರಗೇ ಬಿಟ್ಟೆ. ಎಲ್ಲವೂ ಒಂದೇ ಸಲಕ್ಕೆ ಬಿಟ್ಟುಹೋಗುವುದಿಲ್ಲ. ಆದರೆ ಮೂಲೆಗೆ ಹೋಗಲಿಲ್ಲ. ಸಾಲಾಗಿ ನಿಂತಿದ್ದ ಸೈಕಲ್ಲುಗಳ ನಡುವೆ, ಅಂಗಡಿಯವರು ನೋಡುತ್ತಿರುವಂತೆಯೇ, ನೆರಿಗೆಯ ನೆಪವಿಲ್ಲದೆ ಬಗ್ಗಿ, ಒಂದೊಂದೇ ಟೈರನ್ನು ಒತ್ತುತ್ತ ಹೋದೆ.